ಸಿಂಗಪ್ಪನ ಗುಡ್ಡೆ

ಕರಿಗುಂದದ ಗುಡ್ಡದ ಮೇಲಿನ ಕೋಟೆಬಾಗಿಲ ಮುಂದೆ ಒಂದು ಕಲ್ಲಿನ ಗುಡ್ಡೆ ಇತ್ತು. ಆಳಿಗಿಂತ ಎತ್ತರ.

ಬಾಗಿಲು ದಾಟುವವರು ದಾರಿಯಲ್ಲಿ ಒಂದು ಕಲ್ಲು ಎತ್ತಿಕೊಳ್ಳಬೇಕು, "ಥೂ ಸಿಂಗಪ್ಪ" ಎಂದು ಗುಡ್ಡೆಯ ಮೇಲೆ ಎಸೆಯಬೇಕು, ಆಮೇಲೆ ಒಳಗೆ ಹೋಗಬೇಕು. ಅವಸರವಿದ್ದವರು ಬರೀ "ಥೂ" ಎಂದರೂ ನಡೆಯುತ್ತಿತ್ತು.

ಸಿಂಗಪ್ಪ ಇನ್ನೂರು ವರ್ಷದ ಹಿಂದೆ ಆ ಕೋಟೆಯ ಕಿಲ್ಲೇದಾರ. ಹೊರಗಿನ ದಂಡು ಬಂದು ಮುತ್ತಿಗೆ ಹಾಕಿದಾಗ ಒಳಗಿನಿಂದ ಅಗುಳಿ ಸರಿಸಿ ಬಾಗಿಲು ಬಿಟ್ಟುಕೊಟ್ಟವನು. ಚಿನ್ನ ಇಸಿದುಕೊಂಡು ಬಿಟ್ಟುಕೊಟ್ಟ ಎಂದು ಊರು ನಂಬಿತ್ತು.

ಊರಿನವರಿಗೆ ಅವನ ಮೇಲೆ ದ್ವೇಷವೇನೂ ಇರಲಿಲ್ಲ. ಹಲ್ಲುಜ್ಜುವ ಹಾಗೆ ಕಲ್ಲೆಸೆಯುತ್ತಿದ್ದರು.

ಅವನ ವಂಶದ ಒಂದು ಮನೆ ಊರಲ್ಲೇ ಉಳಿದಿತ್ತು. ಕೋಟೆ ಬಿದ್ದದ್ದು ಕಾರ್ತಿಕದ ಅಮಾವಾಸ್ಯೆಯ ದಿನ. ಪ್ರತಿವರ್ಷ ಆ ದಿನ ಇಡೀ ಊರು ಸೇರಿ ಎಸೆಯುವಾಗ ಮೊದಲ ಕಲ್ಲು ಆ ಮನೆಯವರದ್ದು. ಅದು ಊರು ಅವರಿಗೆ ಕೊಟ್ಟ ಮರ್ಯಾದೆ ಎಂದು ಹಿರಿಯರು ಹೇಳುತ್ತಿದ್ದರು. ಬೇರೆ ಯಾರೂ ಆ ಮರ್ಯಾದೆಯಲ್ಲಿ ಪಾಲು ಕೇಳಿರಲಿಲ್ಲ.

ಕೋಟೆಯ ಒಳಗೆ ಒಂದು ಸಣ್ಣ ಮಠ. ಅಲ್ಲಿನ ಗುರುಗಳು ಹಳೆಯ ಓಲೆ, ಕಡತ, ಶಾಸನ ಓದುವುದರಲ್ಲಿ ಹೆಸರಾದವರು. ಶಿವಲೆಂಕ ಅವರ ಶಿಷ್ಯ. ಮೀಸೆ ಚಿಗುರುವ ಮೊದಲು ಬಂದವನು, ಈಗ ಅಳಿಸಿಹೋದ ಅಕ್ಷರವನ್ನೂ ಬೆರಳಲ್ಲಿ ತಡವಿ ಓದುತ್ತಿದ್ದ.

ಗುರುಗಳೂ ಬಾಗಿಲು ದಾಟುವಾಗ ಕಲ್ಲು ಎಸೆಯುತ್ತಿದ್ದರು. ಮಠಕ್ಕೆ ಬೇರೆ ದಾರಿ ಇರಲಿಲ್ಲ.

ಆಶ್ವೀಜದ ಒಂದು ಬೆಳಿಗ್ಗೆ ಸಿಂಗಪ್ಪನ ಮನೆಯ ಹೊನ್ನಮ್ಮ ಮಠದ ಜಗಲಿಗೆ ಬಂದು ಕೂತಳು. ಎಪ್ಪತ್ತು ದಾಟಿದ ಹೆಂಗಸು.

"ಬುದ್ಧಿ, ಒಂದು ಮಾತು ಕೇಳ್ಬೇಕಿತ್ತು."

"ಕೇಳಮ್ಮ."

"ಸಿಂಗಪ್ಪ ಅದನ್ನ ಮಾಡಿದ್ನಾ?"

ಓಲೆಗೆ ಎಣ್ಣೆ ಸವರುತ್ತಿದ್ದ ಶಿವಲೆಂಕನ ಕೈ ನಿಂತಿತು. ಈ ಪ್ರಶ್ನೆಯನ್ನು ಊರಲ್ಲಿ ಯಾರಾದರೂ ಕೇಳಿದ್ದು ಅವನಿಗೆ ಗೊತ್ತಿರಲಿಲ್ಲ. ತಾನೂ ಕೇಳಿರಲಿಲ್ಲ.

"ಇಷ್ಟು ವರ್ಷ ಕಲ್ಲು ಹಾಕಿದ್ದೀ," ಎಂದರು ಗುರುಗಳು. "ಈಗ ಯಾಕೆ ಕೇಳ್ತೀ?"

"ಹಾಲುಹಲ್ಲಿನ ಕಾಲದಿಂದ ಹಾಕಿದೀನಿ ಬುದ್ಧಿ. ನಮ್ಮಪ್ಪ ಕೈ ಹಿಡಿದು ಹಾಕಿಸ್ತಿದ್ದ. ಈ ವರ್ಷ ತೋಳು ಮೇಲಕ್ಕೇ ಏಳಲ್ಲ. ಮೊಮ್ಮಗಳು ನೀಲಾ ಹಾಕ್ಬೇಕು. ಅವಳು ಕೇಳಿದ್ಲು, ಅವ್ವಾ, ಅವನು ನಿಜವಾಗ್ಲೂ ಮಾಡಿದ್ನಾ ಅಂತ. ನಂಗೆ ಗೊತ್ತಿಲ್ಲ ಅನ್ನೋದು ನಂಗೆ ಗೊತ್ತಾಗಿದ್ದೇ ಆವಾಗ."

ಗುರುಗಳು ಕೈಯಲ್ಲಿದ್ದ ಕಡತ ಮುಚ್ಚಿದರು.

"ಮಾಡಿದ್ರೆ ಮಾಡಿದ ಅನ್ನಿ, ಹುಡುಗಿ ಹಾಕ್ಲಿ. ಮಾಡಿಲ್ಲ ಅಂದ್ರೆ ಅದನ್ನೂ ಹೇಳಿ. ಅಮಾಸೆ ಒಳಗೆ ಹೇಳಿದ್ರಾಯ್ತು."

"ಮಾಡಿಲ್ಲ ಅಂತಾದರೆ?"

"ನಾನು ಹಾಕಿರೋದಕ್ಕೆ ಏನ್ ಮಾಡ್ಬೇಕು ಅಂತ ಆಮೇಲೆ ಯೋಚ್ನೆ ಮಾಡ್ತೀನಿ."

ಅವಳು ಹೋದ ಮೇಲೆ ಗುರುಗಳು ಶಿಷ್ಯನ ಕಡೆ ತಿರುಗಿದರು.

"ಕೇಳಿದೆಯಲ್ಲ. ಹುಡುಕು."

"ಎಲ್ಲಿಂದ ಶುರು ಮಾಡಲಿ ಗುರುಗಳೇ?"

"ಅವನು ದ್ರೋಹಿ ಅಂತ ನಿನಗೆ ಯಾರು ಹೇಳಿದರು?"

"ಎಲ್ಲರೂ."

"ಎಲ್ಲರಿಗೂ ಯಾರು ಹೇಳಿದರು? ಅಲ್ಲಿಂದ ಶುರು ಮಾಡು."

ಮಾರನೆಯ ದಿನ ಗುರುಗಳು ಹೊರಗೆ ಹೋಗಿ ಬಂದಾಗ ಅವರ ಕೈಯಲ್ಲಿ ಕಲ್ಲು ಹಾಗೇ ಇತ್ತು. ಅದನ್ನು ಜಗಲಿಯ ಮೂಲೆಯಲ್ಲಿಟ್ಟರು.

"ಎಸೆಯಲಿಲ್ಲವೇ?"

"ತೀರ್ಮಾನ ಆಗುವವರೆಗೆ ಇಲ್ಲಿರಲಿ. ಎಸೆದದ್ದನ್ನು ವಾಪಸ್ಸು ತರೋದು ಕಷ್ಟ."

ಎಲ್ಲರಿಗೂ ಹೇಳಿದ್ದು ಒಂದು ಬಖೈರು. ಬಖೈರು ಎಂದರೆ ಹಿಂದಿನ ಯುದ್ಧಗಳ ಕಥೆಯನ್ನು ಬರೆದಿಟ್ಟ ಕಡತ. ಕರಿಗುಂದದ ಬಖೈರು ಬರೆದವನು ವೆಂಕಪಯ್ಯ ಎಂಬ ಶಾನುಭೋಗ. ಊರಿನ ಹಾಡು, ಶಾಲೆಯ ನಾಟಕ, ಅಜ್ಜಿಯರ ಬೈಗುಳ, ಎಲ್ಲದರ ಬೇರು ಅದರಲ್ಲಿತ್ತು.

ಶಿವಲೆಂಕ ಅದನ್ನು ಹೊರತೆಗೆದು ಓದಿದ. ಓದಿ, ಗುರುಗಳ ಹತ್ತಿರ ಓಡಿಬಂದ.

"ಗುರುಗಳೇ, ಸ್ಪಷ್ಟವಾಗಿದೆ. ಸಿಂಗಪ್ಪ ಚಿನ್ನದಾಸೆಗೆ ಬಾಗಿಲು ತೆಗೆದ ಅಂತ ಬರೆದಿದ್ದಾನೆ."

"ವೆಂಕಪಯ್ಯ ನೋಡಿದ್ದನೇ?"

"ಹಾಗಂತ ಬರೆದಿಲ್ಲ."

"ಅದನ್ನು ಬರೆಯುವಾಗ ಯಾರ ಮನೆ ಅನ್ನ ಉಣ್ಣುತ್ತಿದ್ದ?"

ಶಿವಲೆಂಕನಿಗೆ ಅದು ಗೊತ್ತಿರಲಿಲ್ಲ. ಕಡತ ಹಿಡಿದುಕೊಂಡು ವಾಪಸ್ಸು ಹೋದ.

ಕೆಲವು ದಿನ ಬಿಟ್ಟು ಬಂದಾಗ ಅವನ ಮುಖ ಅರಳಿತ್ತು.

"ಬಕ್ಷಿ ರುದ್ರಪ್ಪನ ಮನೆಯದ್ದು, ಗುರುಗಳೇ. ಅದೇ ಕೋಟೆಯ ಇನ್ನೊಬ್ಬ ಸರದಾರ. ಕೊನೆಯ ಪುಟದಲ್ಲಿ ವೆಂಕಪಯ್ಯನೇ ಅವನಿಗೆ ದೀರ್ಘಾಯುಸ್ಸು ಕೋರಿದ್ದಾನೆ. ಕೋಟೆ ಬಿದ್ದು ಮೂವತ್ತು ವರ್ಷ ಆದ ಮೇಲೆ ಬರೆದದ್ದು."

"ರುದ್ರಪ್ಪ ಯುದ್ಧದಲ್ಲಿ ಏನು ಮಾಡಿದನಂತೆ?"

"ಸಿಂಹದಂತೆ ಕಾದಿ, ಕತ್ತಲಲ್ಲಿ ಹಿಂದಿನ ದಿಡ್ಡಿಬಾಗಿಲಿನಿಂದ ಹೊರಟ ಅಂತ ಇದೆ."

"ಸಿಂಹಗಳು ಹಾಗೆ ಮಾಡುವುದುಂಟು," ಎಂದರು ಗುರುಗಳು.

"ಹಾಗಾದರೆ ಸುಳ್ಳು! ತಾನು ಓಡಿಹೋದದ್ದನ್ನು ಮುಚ್ಚಲು ಸಿಂಗಪ್ಪನ ಮೇಲೆ ಹೊರಿಸಿದ. ಹೊನ್ನಮ್ಮನಿಗೆ ಹೇಳಿ ಬರಲೇ?"

ಅಷ್ಟರಲ್ಲಿ ಅಡುಗೆಮನೆಯಿಂದ ಮಲ್ಲಜ್ಜ ಖಾಲಿ ಪಾತ್ರೆ ಹಿಡಿದು ಬಂದ. ಮಠಕ್ಕೆ ಅಡುಗೆ ಮಾಡುವ ಮುದುಕ.

"ಬುದ್ಧಿ, ಹಾಲೆಲ್ಲ ಬೆಕ್ಕು ಕುಡಿದುಬಿಟ್ಟಿದೆ."

"ನೋಡಿದೆಯಾ?"

"ಇನ್ಯಾರು ಕುಡೀತಾರೆ?"

ಗುರುಗಳು ಶಿಷ್ಯನನ್ನು ನೋಡಿದರು. "ಮಲ್ಲಜ್ಜನ ಮೀಸೆಯ ಮೇಲೆ ಕೆನೆ ಇದೆ. ಹಾಗಾದರೆ ಬೆಕ್ಕು ಕುಡಿದಿಲ್ಲ ಅಂತ ಆಯಿತೇ?"

ಮಲ್ಲಜ್ಜ ಮೀಸೆ ಒರೆಸಿಕೊಂಡ. "ನಾನು ಬರೀ ರುಚಿ ನೋಡಿದ್ದು."

"ಕೇಳು. ಇವನೂ ಕುಡಿದಿರಬಹುದು, ಬೆಕ್ಕೂ ಕುಡಿದಿರಬಹುದು. ಹೇಳಿದವನಿಗೆ ಲಾಭ ಇದೆ ಅಂದರೆ ಅವನ ಮಾತನ್ನು ನಂಬೋ ಹಾಗಿಲ್ಲ, ಅಷ್ಟೇ. ಉಲ್ಟಾ ಮಾಡಿ ನಂಬೋ ಹಾಗೂ ಇಲ್ಲ."

"ಹಾಗಾದರೆ ನಮ್ಮ ಹತ್ತಿರ ಏನಿದೆ ಗುರುಗಳೇ?"

"ಒಂದು ಅನುಮಾನ ಇದೆ. ಮೊದಲು ಅದೂ ಇರಲಿಲ್ಲ."

ಶಿವಲೆಂಕನಿಗೆ ಅದು ಸಾಕಾಗಲಿಲ್ಲ. ಹೊನ್ನಮ್ಮನ ಮೊಮ್ಮಗಳಿಗೆ ಅನುಮಾನ ಹಿಡಿದುಕೊಂಡು ಹೋಗಿ ಕೊಡುವುದು ಹೇಗೆ? ಇಡೀ ಊರು ಕಲ್ಲು ಹಿಡಿದು ನಿಂತಿರುವಾಗ ಅನುಮಾನ ಯಾರನ್ನು ತಡೆಯುತ್ತದೆ?

ಅವನಿಗೆ ಬೇಕಾಗಿದ್ದದ್ದು ಸಾಕ್ಷಿ. ಅವನ ಮಟ್ಟಿಗೆ ಸಾಕ್ಷಿ ಎಂದರೆ ಅಕ್ಷರ.

ಹುಡುಕಿದವನಿಗೆ ಸಿಕ್ಕಿತು. ಬಖೈರಿನ ನಡುವೆ ಒಂದು ಕಡೆ ವೆಂಕಪಯ್ಯ ಬೇಡದ ಮನಸ್ಸಿನಿಂದ ಬರೆದಂತೆ ಒಂದು ವಾಕ್ಯವಿತ್ತು: "ಬಾಗಿಲ ಮುಂದೆ ಕೋಟೆಯ ಮಂದಿ ಕಲ್ಲು ಇಟ್ಟರು."

ಶಿವಲೆಂಕ ಅದನ್ನು ಪದೇ ಪದೇ ಓದಿದ. ಕಲ್ಲು ಇಟ್ಟರು ಎಂದರೆ ಶಾಸನದ ಕಲ್ಲು ನೆಟ್ಟರು ಎಂದೇ ಆಗಬೇಕು. ಮುತ್ತಿಗೆಯಲ್ಲಿ ಬದುಕಿ ಉಳಿದವರು ನಡೆದದ್ದನ್ನು ಬರೆಸಿ ನೆಟ್ಟಿದ್ದಾರೆ. ಇನ್ನೂರು ವರ್ಷದ ಎಸೆತದ ಅಡಿಯಲ್ಲಿ ಅದು ಹೂತುಹೋಗಿದೆ.

ಗುರುಗಳು ಆಗ ಊರಲ್ಲಿರಲಿಲ್ಲ. ಹೊಳೆಯಾಚೆಯ ಒಂದು ಮಠದವರು ಗಡಿಯ ತಕರಾರಿಗೆ ಹಳೆಯ ತಾಮ್ರಪಟ ಓದಿಸಲು ಕರೆಸಿಕೊಂಡಿದ್ದರು. ಹೊರಡುವಾಗ "ಬರುವವರೆಗೆ ಓದುತ್ತಿರು" ಎಂದಿದ್ದರು.

ಅಮಾವಾಸ್ಯೆ ಹತ್ತಿರವಾಗುತ್ತಿತ್ತು. ಶಿವಲೆಂಕ ಓದುವುದನ್ನು ಬಿಟ್ಟು ಪಂಚಾಯ್ತಿ ಅಧ್ಯಕ್ಷ ಕೊಟ್ರಪ್ಪನ ಮನೆಗೆ ಹೋದ.

"ಗುಡ್ಡೆ ತೆಗೆಸಬೇಕು."

ಕೊಟ್ರಪ್ಪ ಕಾಫಿ ಲೋಟ ಕೆಳಗಿಟ್ಟ. "ಜನ ಒಪ್ತಾರಾ ಸ್ವಾಮಿ?"

"ಅಡಿಯಲ್ಲಿ ಶಾಸನ ಇದೆ. ನಿಜ ಏನು ಅಂತ ಗೊತ್ತಾಗುತ್ತೆ."

"ನಿಜ ಗೊತ್ತಾಗಿ ಏನಾಗ್ಬೇಕು? ಈಗ ಏನು ತೊಂದ್ರೆ ಆಗಿದೆ?"

"ಶಾಸನ ಸಿಕ್ಕರೆ ನೋಡೋಕೆ ಜನ ಬರ್ತಾರೆ. ಬೋರ್ಡು ಹಾಕಿಸಬಹುದು. ಯಾರ ಅಧ್ಯಕ್ಷತೆಯಲ್ಲಿ ಅಂತಾನೂ ಬರೆಸಬಹುದು."

ಕೊಟ್ರಪ್ಪ ಲೋಟ ಎತ್ತಿಕೊಂಡ. "ಕಲ್ಲು ಏನ್ ಮಾಡೋಣ?"

"ಏನಾದರೂ ಮಾಡಿ."

ಆ ಮಾತು ಆಡಿದ್ದನ್ನು ಶಿವಲೆಂಕ ಅವತ್ತೇ ಮರೆತ. ಆಮೇಲೆ ಮರೆಯಲು ಆಗಲಿಲ್ಲ.

ಟ್ರ್ಯಾಕ್ಟರ್ ಬಂತು. ಮೊದಲ ಕಲ್ಲು ತೆಗೆಯಲು ಯಾರಿಗೂ ಧೈರ್ಯವಿರಲಿಲ್ಲ, ಶಿವಲೆಂಕನೇ ತೆಗೆದ. ಸಿಡಿಲು ಬೀಳಲಿಲ್ಲ. ಆಳುಗಳು ಬುಟ್ಟಿ ಹಿಡಿದರು.

ಅವನು ಬಹಳ ಎಚ್ಚರದಿಂದ ಕೆಲಸ ಮಾಡಿದ. ಒಂದೊಂದು ಕಲ್ಲನ್ನೂ ಕೈಗೆತ್ತಿಕೊಂಡು ನಾಲ್ಕೂ ಕಡೆ ತಿರುಗಿಸಿ ನೋಡಿದ. ಅಕ್ಷರ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಟ್ರೈಲರ್‌ಗೆ ಹಾಕಿಸಿದ. ಇಷ್ಟು ಶಿಸ್ತಿನ ಕೆಲಸವನ್ನು ಗುರುಗಳು ನೋಡಬೇಕಿತ್ತು ಎಂದು ನಡುವೆ ಒಮ್ಮೆ ಅನ್ನಿಸಿತು ಕೂಡ.

ಮೇಲಿನ ಕಲ್ಲುಗಳು ಒರಟು. ಅಂಗೈಯೆಲ್ಲ ತರಚಿತು. ಕೆಳಕ್ಕೆ ಹೋದಂತೆ ಕಲ್ಲು ನುಣುಪಾದವು. ಕೈಗೆ ಹಿತವಾಯಿತು, ಕೆಲಸ ಬೇಗ ಸಾಗಿತು. ಶಿವಲೆಂಕನಿಗೆ ಖುಷಿಯಾಯಿತು.

ನುಣುಪು ಕಲ್ಲುಗಳಲ್ಲೂ ಅಕ್ಷರ ಇರಲಿಲ್ಲ.

ಹೊತ್ತು ಮುಳುಗುವ ಹೊತ್ತಿಗೆ ನೆಲ ಕಂಡಿತು. ಶಾಸನ ಇರಲಿಲ್ಲ.

ಎರಡು ದಿನ ಬಿಟ್ಟು ಗುರುಗಳು ಹಿಂತಿರುಗಿದಾಗ ಶಿವಲೆಂಕ ಬಾಗಿಲ ಮುಂದೆ ಖಾಲಿ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಗುರುಗಳು ಅವನನ್ನು ನೋಡಲಿಲ್ಲ, ಜಾಗವನ್ನು ನೋಡಿದರು. ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿದರು.

"ಗುಡ್ಡೆ?"

"ತೆಗೆಸಿದೆ ಗುರುಗಳೇ. ಶಾಸನ ಇರಬಹುದು ಅಂತ."

"ಇತ್ತೇ?"

"ಇಲ್ಲ. ಏನೂ ಇರಲಿಲ್ಲ. ಬರೀ ಕಲ್ಲು."

ಗುರುಗಳು ಗೋಡೆಯ ಬುಡಕ್ಕೆ ಹೋದರು. ಹೊಸ್ತಿಲ ಕಲ್ಲು ಗೋಡೆಗೆ ಸೇರುವ ಮೂಲೆಯಲ್ಲಿ, ಬುಟ್ಟಿಯೂ ಗುದ್ದಲಿಯೂ ಹೋಗದ ಕಡೆ, ಒಂದಷ್ಟು ಕಲ್ಲು ಉಳಿದಿದ್ದವು.

"ಒಂದು ಕೊಡ ನೀರು ತಾ."

ಶಿವಲೆಂಕ ತಂದ. ಗುರುಗಳು ಬಾಗಿ, ನಿಧಾನವಾಗಿ, ಮಗುವಿನ ತಲೆಗೆ ಹೊಯ್ಯುವಂತೆ ನೀರು ಹೊಯ್ದರು. ಧೂಳು ಹೋಯಿತು.

"ಈಗ ನೋಡು."

ಶಿವಲೆಂಕ ನೋಡಿದ. ಕಲ್ಲುಗಳು ಬಿದ್ದಿರಲಿಲ್ಲ. ಸಾಲಾಗಿ ಕೂತಿದ್ದವು. ಒಂದರ ಪಕ್ಕಕ್ಕೆ ಒಂದು ಒತ್ತಿಕೊಂಡು, ಸಂದಿನಲ್ಲಿ ಚಕ್ಕೆ ತುಂಬಿ, ಅಲುಗದ ಹಾಗೆ. ಕೆಲವು ದೊಡ್ಡವರ ಹೊರೆ. ಕೆಲವು ಮಗುವಿನ ಮುಷ್ಟಿಯಷ್ಟು.

"ಇವು ಎಸೆದ ಕಲ್ಲುಗಳೇ?"

"ಅಲ್ಲ ಗುರುಗಳೇ. ಇಟ್ಟವು."

"ಎಲ್ಲಿಯ ಕಲ್ಲು?"

ಶಿವಲೆಂಕ ಒಂದರ ಮೇಲೆ ಕೈಯಿಟ್ಟ. ಅದೇ ನುಣುಪು. ಅವನ ಅಂಗೈಗೆ ಅದು ಆಗಲೇ ಗೊತ್ತಿತ್ತು.

"ಹೊಳೆಯದ್ದು," ಎಂದ. ದನಿ ಸಣ್ಣದಾಗಿತ್ತು.

"ಹೊಳೆ ಎಲ್ಲಿದೆ?"

"ಗುಡ್ಡದ ಬುಡದಲ್ಲಿ."

"ಥೂ ಅಂತ ಉಗಿದು ಎಸೆಯೋದಕ್ಕೆ ಯಾರಾದರೂ ಹೊಳೆಯಿಂದ ಇಲ್ಲಿಯವರೆಗೆ ಕಲ್ಲು ಹೊತ್ತು ತರ್ತಾರೇನು? ಕಂಕುಳಲ್ಲಿ ಮಗು ಎತ್ತಿಕೊಂಡು, ಮಗುವಿನ ಕೈಯಲ್ಲೂ ಒಂದು ಕೊಟ್ಟು?"

ಬಖೈರಿನ ವಾಕ್ಯ ಶಿವಲೆಂಕನ ಕಣ್ಣ ಮುಂದೆ ಬಂತು. ಕೋಟೆಯ ಮಂದಿ ಕಲ್ಲು ಇಟ್ಟರು. ವೆಂಕಪಯ್ಯ ಆ ಒಂದು ಕಡೆ ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದ.

"ಇಂಥವು ಎಷ್ಟು ಎತ್ತರದವರೆಗೆ ಇದ್ದವು?"

"ನೋಡಲಿಲ್ಲ."

"ಹೊಳೆಗಲ್ಲು ಮುಗಿದು ದಾರಿಗಲ್ಲು ಶುರುವಾದದ್ದು ಎಲ್ಲಿ?"

"ನೋಡಲಿಲ್ಲ."

"ಎರಡರ ನಡುವೆ ಧೂಳು ಕೂತಿತ್ತೇ? ಹುಲ್ಲಿನ ಬೇರಿತ್ತೇ? ಇಡುವುದು ನಿಂತು ಎಸೆಯುವುದು ಶುರುವಾಗಲು ಎಷ್ಟು ಕಾಲ ಹಿಡಿಯಿತು ಅಂತ ಅದು ಹೇಳುತ್ತಿತ್ತು."

"ನಾನು ಅಕ್ಷರ ಹುಡುಕುತ್ತಿದ್ದೆ ಗುರುಗಳೇ."

"ಹೌದು," ಎಂದರು ಗುರುಗಳು. "ನಾನು ಕಲಿಸಿದ್ದು ಅದನ್ನೇ."

ಶಿವಲೆಂಕ ಎದ್ದ. ಏನೂ ಹೇಳದೆ ಗುಡ್ಡ ಇಳಿದು ಓಡಿದ.

ಕೊಟ್ರಪ್ಪ ಮನೆಯ ಮುಂದೆ ಬೀಡಿ ಸೇದುತ್ತಿದ್ದ. "ಬನ್ನಿ ಸ್ವಾಮಿ. ಶಾಸನ ಸಿಕ್ತಾ?"

"ಆ ಕಲ್ಲೆಲ್ಲ ಎಲ್ಲಿವೆ?"

"ಕ್ರಷರ್‌ಗೆ ಕೊಟ್ಟೆ."

"ಎಲ್ಲಾ?"

"ಒಂದೂ ವೇಸ್ಟ್ ಮಾಡಿಲ್ಲ. ಜಲ್ಲಿ ಆಗಿದೆ. ಬಸ್‌ಸ್ಟ್ಯಾಂಡ್ ರೋಡಿಗೆ ಹಾಕಿಸ್ತಾ ಇದೀನಿ." ಕೊಟ್ರಪ್ಪನಿಗೆ ಅವನ ಮುಖ ನೋಡಿ ಗಾಬರಿಯಾಯಿತು. "ಯಾಕೆ, ನೀವೇ ಹೇಳಿದ್ರಲ್ಲ, ಏನಾದ್ರೂ ಮಾಡಿ ಅಂತ?"

ಬಸ್‌ಸ್ಟ್ಯಾಂಡಿನ ಹತ್ತಿರ ಜಲ್ಲಿಯ ರಾಶಿ ಬಿದ್ದಿತ್ತು. ಶಿವಲೆಂಕ ಎರಡೂ ಕೈಯಲ್ಲಿ ಬಾಚಿ ನೋಡಿದ. ಒಂದು ಚೂರಿನ ಒಂದು ಮಗ್ಗುಲು ನುಣುಪಾಗಿತ್ತು. ಪಕ್ಕದ್ದು ಒರಟು. ಯಾವುದರ ಕೆಳಗೆ ಯಾವುದಿತ್ತು ಎಂದು ಹೇಳಲು ಈಗ ಯಾವ ದಾರಿಯೂ ಇರಲಿಲ್ಲ. ಎಲ್ಲ ಕಲ್ಲೂ ಒಂದೇ ಸಮ ಆಗಿತ್ತು. ಕ್ರಷರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಮಠಕ್ಕೆ ಬಂದವನು ಊಟ ಮಾಡದೆ ಬರೆಯಲು ಕೂತ. ಬರೆದದ್ದನ್ನು ಬೆಳಿಗ್ಗೆ ಗುರುಗಳಿಗೆ ಓದಿ ಹೇಳಿದ.

"ಸಿಂಗಪ್ಪನು ದ್ರೋಹಿಯಲ್ಲ. ಕೋಟೆಯಲ್ಲಿ ನೀರು ಬತ್ತಿ ಜನ ಸಾಯುತ್ತಿರಲು, ಅವರ ಪ್ರಾಣ ಉಳಿಸಲು ಬಾಗಿಲು ತೆಗೆದನು. ಬದುಕಿ ಉಳಿದವರು ಹೊಳೆಗೆ ಇಳಿದು, ನೀರು ಕುಡಿದು, ಒಂದೊಂದು ಕಲ್ಲು ಹೊತ್ತು ತಂದು, ಅವನ ನೆನಪಿಗೆ ಕಟ್ಟೆ ಕಟ್ಟಿದರು."

"ಚೆನ್ನಾಗಿ ಬರೆದಿದ್ದೀ," ಎಂದರು ಗುರುಗಳು. "ಕೋಟೆಯಲ್ಲಿ ನೀರು ಬತ್ತಿದ್ದನ್ನು ಯಾರು ನೋಡಿದರು?"

"ಮುತ್ತಿಗೆ ಅಂದರೆ ನೀರು ಬತ್ತಲೇಬೇಕಲ್ಲ."

"ಇನ್ಯಾರು ಕುಡೀತಾರೆ, ಅಂತ ಮಲ್ಲಜ್ಜ ಅಂದ ಹಾಗೆ?"

ಶಿವಲೆಂಕ ತಲೆ ತಗ್ಗಿಸಿದ. ಆದರೂ ಸೋಲಲಿಲ್ಲ.

"ಸಾಲು ಇದೆಯಲ್ಲ ಗುರುಗಳೇ! ನೀವೇ ತೋರಿಸಿದಿರಿ."

"ಒಂದು ಸಾಲು ಇದೆ. ಅದು ಕಾವಲುಗಾರರು ಕೂರುತ್ತಿದ್ದ ಕಟ್ಟೆಯ ತಳಪಾಯ ಇರಬಹುದು. ಕೋಟೆ ಕಟ್ಟುವಾಗಲೇ ಹಾಕಿದ್ದಿರಬಹುದು. ಗುಡ್ಡೆಯ ಅರ್ಧದವರೆಗೆ ಹೊಳೆಗಲ್ಲು ಇತ್ತು ಅಂತಾದರೆ ಬೇರೆ ಮಾತು."

"ಇತ್ತು! ನನ್ನ ಕೈಗೆ ಗೊತ್ತಿದೆ. ಬಹಳ ಹೊತ್ತು ನುಣುಪು ಕಲ್ಲೇ ಬಂತು."

"ಹಾಗಂತ ಬರೆ. ಕೈಗೆ ನುಣುಪಾಗಿ ಹತ್ತಿತು ಅಂತ ಬರೆ. ಯಾವ ಎತ್ತರದಲ್ಲಿ ಅಂತ ನೋಡಲಿಲ್ಲ ಅಂತಲೂ ಬರೆ."

"ಯಾಕೆ ನೋಡಲಿಲ್ಲ ಅಂತ ಓದಿದವರು ಕೇಳ್ತಾರೆ."

"ಕೇಳಲಿ. ಗುಡ್ಡೆ ಕೆಡವಿದವನು ನಾನು ಅಂತ ಬರೆದು ಹೆಸರು ಹಾಕು."

ಶಿವಲೆಂಕ ಬರೆದ ಹಾಳೆಯನ್ನು ಮಡಿಚಿದ.

"ಸುಳ್ಳು ಬರೆದ ವೆಂಕಪಯ್ಯನನ್ನು ಊರು ಇನ್ನೂರು ವರ್ಷ ನಂಬಿತು. ನಿಜ ಬರೆದ ನನ್ನನ್ನು ಯಾರೂ ನಂಬುವುದಿಲ್ಲ ಗುರುಗಳೇ."

"ವೆಂಕಪಯ್ಯ ಒಂದು ವಾಕ್ಯವನ್ನಾದರೂ ಉಳಿಸಿ ಹೋಗಿದ್ದಾನೆ," ಎಂದರು ಗುರುಗಳು. "ಅವನನ್ನು ಬೈಯುವ ಮೊದಲು ಸ್ವಲ್ಪ ಯೋಚಿಸು."

ಶಿವಲೆಂಕ ಬರೆದದ್ದನ್ನು ಹರಿದು ಹಾಕಿದ. ಹೊಸದಾಗಿ ಬರೆದ. ಈ ಸಲ ಅರ್ಧ ಪುಟವೂ ಆಗಲಿಲ್ಲ.

ಅಮಾವಾಸ್ಯೆಯ ದಿನ ಊರು ಕೋಟೆಬಾಗಿಲಿಗೆ ಬಂತು. ಎಲ್ಲರ ಕೈಯಲ್ಲೂ ಕಲ್ಲಿತ್ತು. ಎಸೆಯಲು ಗುಡ್ಡೆ ಇರಲಿಲ್ಲ.

ಜನ ಸ್ವಲ್ಪ ಹೊತ್ತು ಪೆಚ್ಚಾಗಿ ನಿಂತರು. "ಇದ್ದಿದ್ದೇ ಚೆನ್ನಾಗಿತ್ತು ಕಣ್ರೀ," ಎಂದ ಒಬ್ಬ. "ಗುರಿ ಇಟ್ಟು ಎಸೆಯೋಕಾಗ್ತಿತ್ತು." ಕೊಟ್ರಪ್ಪ ಒಂದು ಹಿಡಿ ಸುಣ್ಣದ ಪುಡಿ ತರಿಸಿ ನೆಲದ ಮೇಲೆ ದುಂಡಗೆ ಗೆರೆ ಎಳೆಸಿದ. ಸಮಸ್ಯೆ ಬಗೆಹರಿಯಿತು.

ಮೂಲೆಯಲ್ಲಿ ಉಳಿದ ಸಾಲನ್ನು ಶಿವಲೆಂಕ ಮುಳ್ಳಿನ ಕೊಂಬೆ ಇಟ್ಟು ಮುಚ್ಚಿದ್ದ. ಅವನು ಅದರ ಮುಂದೆ ನಿಂತಿದ್ದ.

ಹೊನ್ನಮ್ಮ ಮೊಮ್ಮಗಳ ಹೆಗಲು ಹಿಡಿದುಕೊಂಡು ಬಂದಳು. ನೀಲಾಗೆ ಹದಿನಾಲ್ಕೋ ಹದಿನೈದೋ. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿದ್ದರು.

"ಬುದ್ಧಿ, ನೋಡಿದ್ರಾ?"

ಗುರುಗಳು ಶಿಷ್ಯನ ಕಡೆ ಕೈ ತೋರಿಸಿದರು. "ನೋಡಿದವನು ಇವನು."

ಶಿವಲೆಂಕ ತುಟಿ ಒದ್ದೆ ಮಾಡಿಕೊಂಡ.

"ಅಜ್ಜಿ, ಅವನು ಚಿನ್ನ ತಗೊಂಡ ಅಂತ ಬರೆದವನು ನೋಡಿ ಬರೆದದ್ದಲ್ಲ. ಅವನ ಮಾತನ್ನು ನಂಬೋ ಹಾಗಿಲ್ಲ."

"ಹಂಗಾದ್ರೆ ತಗೊಂಡಿಲ್ಲ."

"ಹಾಗಂತ ಹೇಳೋಕೂ ಆಗಲ್ಲ."

"ಮತ್ತೆ ಆ ಗುಡ್ಡೆ ಅಡಿ ಏನಿತ್ತು?"

"ಕಲ್ಲು. ಯಾರೋ ಹೊಳೆಯಿಂದ ತಂದು ಜೋಡಿಸಿಟ್ಟ ಕಲ್ಲು. ಎಸೆದದ್ದಲ್ಲ."

ಹೊನ್ನಮ್ಮ ಮುಳ್ಳಿನ ಕೊಂಬೆಯ ಕಡೆ ಬಗ್ಗಿ ನೋಡಿದಳು.

"ಅವನಿಗೇನಾ ಇಟ್ಟಿದ್ದು?"

"ಗೊತ್ತಿಲ್ಲ ಅಜ್ಜಿ."

"ಗೊತ್ತಾಗ್ತಿತ್ತಾ?"

ಶಿವಲೆಂಕ ಗುರುಗಳ ಕಡೆ ನೋಡಿದ. ಗುರುಗಳು ಬೇರೆ ಕಡೆ ನೋಡುತ್ತಿದ್ದರು.

"ಬಹುಶಃ ಗೊತ್ತಾಗ್ತಿತ್ತು," ಎಂದ. "ನಾನು ಕೆಡಿಸಿದೆ."

ಹೊನ್ನಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು. ಅವಳು ಅವನ ತರಚಿದ ಅಂಗೈಯನ್ನು ನೋಡಿ, "ಎಣ್ಣೆ ಹಚ್ಕೊಳ್ಳಿ ಮರಿಸ್ವಾಮಿ," ಎಂದಳು.

"ಹೊತ್ತಾಗ್ತಾ ಬಂತು," ಎಂದು ಹಿಂದಿನಿಂದ ಯಾರೋ ಕೂಗಿದರು. "ಹೊನ್ನಮ್ಮಾ, ಶುರು ಮಾಡಿಸು."

"ಅವ್ವಾ," ಎಂದಳು ನೀಲಾ, "ಹಾಕ್ಲಾ, ಬ್ಯಾಡ್ವಾ?"

ಹೊನ್ನಮ್ಮ ಸುಣ್ಣದ ಗೆರೆಯನ್ನು ನೋಡಿದಳು. ಕಲ್ಲು ಹಿಡಿದ ಊರನ್ನು ನೋಡಿದಳು. ನಾಳೆ ಬೆಳಗಾದರೆ ಅದೇ ಬಾವಿಗೆ ಹೋಗಬೇಕು, ಅದೇ ಅಂಗಡಿಯಲ್ಲಿ ಉಪ್ಪು ತರಬೇಕು, ಈ ಹುಡುಗಿಗೆ ಇವರ ನಡುವೆಯೇ ಗಂಡು ಹುಡುಕಬೇಕು. ಬೇಡ ಎನ್ನಲು ಅವಳಿಗೆ ಒಂದು ಗಟ್ಟಿ ಮಾತು ಬೇಕಾಗಿತ್ತು. ಅದನ್ನು ಕೇಳಲೆಂದೇ ಅವಳು ಮಠದ ಜಗಲಿ ಹತ್ತಿದ್ದಳು.

"ಹಾಕು," ಎಂದಳು. ಆಮೇಲೆ ದನಿ ತಗ್ಗಿಸಿ, "ಸಣ್ಣದು ನೋಡ್ಕೊಂಡು ಹಾಕು. ನಮ್ಮನೆಯೋರು ಸಣ್ಣದೇ ಹಾಕೋದು. ಊರೋರಿಗೆ ಗೊತ್ತಿಲ್ಲ."

ನೀಲಾ ಬಗ್ಗಿ ಒಂದು ಕಲ್ಲು ಆರಿಸಿದಳು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಎಸೆದಳು. ಅದು ಬಿದ್ದ ಸದ್ದು ಕೂಡ ಕೇಳಲಿಲ್ಲ.

ಆಮೇಲೆ ಊರು ಎಸೆಯಿತು. ಆ ಸದ್ದು ಕೇಳಿತು.

ಜನ ಕೈ ಕೊಡವಿಕೊಂಡು ಇಳಿದುಹೋದರು. ಹೊನ್ನಮ್ಮ ಎಲ್ಲರಿಗಿಂತ ಹಿಂದೆ, ಒಂದೊಂದೇ ಹೆಜ್ಜೆ ಇಟ್ಟು ಇಳಿಯುತ್ತಿದ್ದಳು. ಸುಣ್ಣದ ಗೆರೆಯೊಳಗೆ ಮೊಣಕಾಲೆತ್ತರದ ಹೊಸ ಗುಡ್ಡೆ ನಿಂತಿತ್ತು. ಅದಕ್ಕೆ ಯಾವ ಅಡಿಪಾಯವೂ ಇರಲಿಲ್ಲ. ಮೊದಲಿನದಕ್ಕಿಂತ ಬೇಗ ಬೆಳೆಯುವ ಲಕ್ಷಣ ಕಾಣುತ್ತಿತ್ತು.

ಗುರುಗಳೂ ಶಿಷ್ಯನೂ ಅದರ ಮುಂದೆ ನಿಂತರು.

"ನೀವು ಒಂದು ಮಾತು ಹೇಳಿದ್ದರೆ ನಿಲ್ಲಿಸುತ್ತಿದ್ದರು ಗುರುಗಳೇ."

"ನನ್ನ ಮಾತಿಗೆ ನಿಲ್ಲಿಸುವವರು ಇನ್ನೊಬ್ಬರ ಮಾತಿಗೆ ಶುರು ಮಾಡುತ್ತಾರೆ. ಇದು ಶುರುವಾದದ್ದೂ ಹಾಗೇ."

ಶಿವಲೆಂಕ ಮುಳ್ಳಿನ ಕೊಂಬೆಯನ್ನು ಸರಿಸಿದ. ಗೋಡೆಯ ನೆರಳಲ್ಲಿ ಆ ಒಂದು ಸಾಲು ಒತ್ತಿಕೊಂಡು ಕೂತಿತ್ತು. ಮಗುವಿನ ಮುಷ್ಟಿಯಷ್ಟಿದ್ದ ಕಲ್ಲೊಂದರ ಮೇಲೆ ಅವನು ಬೆರಳಿಟ್ಟ.

"ಒಂದೇ ಒಂದು ಹೇಳಿ. ನಿಮ್ಮ ಮನಸ್ಸಿಗೆ ಏನನ್ನಿಸುತ್ತದೆ? ಸಿಂಗಪ್ಪ ಎಂಥವನು?"

ಗುರುಗಳು ಕೋಲು ತೆಗೆದುಕೊಂಡರು. ಬಾಗಿಲು ದಾಟುವ ಮೊದಲು ಒಮ್ಮೆ ಹಿಂತಿರುಗಿ ನೋಡಿದರು.

"ಅವನನ್ನು ಕಣ್ಣಾರೆ ಕಂಡವರು ಆ ಗುಡ್ಡೆಯ ಅಡಿಯಲ್ಲಿ ಇಲ್ಲೇ ಕೂತಿದ್ದರು, ಶಿವಲೆಂಕ. ಯಾರಾದರೂ ಬಂದು ಕೇಳುತ್ತಾರೆ ಅಂತ ಇನ್ನೂರು ವರ್ಷ ಕಾದರು. ನಾವು ಬಂದು, ನಿಮಗೆ ಓದುಬರಹ ಬರುತ್ತದೆಯೇ ಅಂತ ಕೇಳಿದೆವು."